ಬಳೆ ಅಡವಿಡುವ ಮೊದಲು ರೆಫರಲ್ ಚೀಟಿ ಕೇಳಿ: ಬಡವರ ಚಿಕಿತ್ಸೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಅಂಕೋಲಾ ತಾಲೂಕಿನ ಸದಸ್ಯರು): ಅಕ್ಕಾ, ನಮಸ್ಕಾರ. ನೀವು ಸರ್ಕಾರಿ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ಅಪ್ಪನಿಗೆ 58 ವರ್ಷ, ಕೂಲಿ ಕೆಲಸ. ಗುಡ್ಡ ಹತ್ತಿದರೆ ಎದೆ ಹಿಡಿದ ಹಾಗೆ ಆಗುತ್ತದೆ, ಕೂತರೆ ಸರಿಯಾಗುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಮಾತ್ರೆ ಕೊಟ್ಟರು. ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ನೆಂಟರೆಲ್ಲ ಸೀದಾ ಮಂಗಳೂರಿಗೆ ಕರೆದುಕೊಂಡು ಹೋಗಿ ಅಂತಾರೆ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡ್ ಮಾಡಿಸಿಲ್ಲ. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಡೋಣ ಅಂತ ಇದ್ದೇವೆ.

ಉತ್ತರ: ತಮ್ಮಾ, ಬಳೆ ಸದ್ಯಕ್ಕೆ ಅಮ್ಮನ ಕೈಯಲ್ಲೇ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಅದು ಇಡೀ ಮನೆಗೆ ಸೇರಿ, ತಲೆಗೆ ಅಲ್ಲ. ಆಯುಷ್ಮಾನ್ ಕಾರ್ಡ್ ಇಲ್ಲ ಅಂತ ಹೆದರಬೇಡಿ. ರೇಷನ್ ಕಾರ್ಡ್ ಮತ್ತು ಆಧಾರ್ ಇದ್ದರೆ ಕೆಲಸ ಶುರುವಾಗುತ್ತದೆ.

ನಮ್ಮವರು ಎಡವುವುದು ಬೇರೆ ಕಡೆ. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ, ದುಡ್ಡು ಕಟ್ಟಿ, ಆಮೇಲೆ ರಸೀದಿ ಹಿಡಿದು ನಮ್ಮ ಹತ್ತಿರ ಬರುತ್ತಾರೆ. ಈ ಯೋಜನೆಯಲ್ಲಿ ಕಟ್ಟಿದ ದುಡ್ಡು ವಾಪಸ್ ಕೊಡುವ ಪದ್ಧತಿ ಇಲ್ಲ. ಸರ್ಕಾರ ಆಸ್ಪತ್ರೆಗೇ ಹಣ ಕೊಡುತ್ತದೆ, ಅದೂ ಮೊದಲೇ ಒಪ್ಪಿಗೆ ಸಿಕ್ಕಿದ್ದರೆ ಮಾತ್ರ. ಹಾಗಾಗಿ ಇಸಿಜಿ ತೆಗೆದ ಅದೇ ತಾಲೂಕು ಆಸ್ಪತ್ರೆಗೆ ಮತ್ತೆ ಹೋಗಿ, ರೆಫರಲ್ ಚೀಟಿ ಬೇಕು ಅಂತ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮೊದಲು ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ಗೆ ತೋರಿಸಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿಂದಲೂ ಬರೆಸಿಕೊಳ್ಳಬಹುದು. ಮಂಗಳೂರು ಒಂದೇ ದಾರಿ ಅಲ್ಲ. ಅರೆಬೈಲ್ ಘಟ್ಟ ಹತ್ತಿದರೆ ಹುಬ್ಬಳ್ಳಿಯ ಸರ್ಕಾರಿ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿ-ಆರ್‌ಐ) ಕೂಡ ಇದೆ. ಗೋವಾದ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವುದು ಕಾರವಾರದವರಿಗೆ ಹಳೆಯ ರೂಢಿ. ಆದರೆ 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಹಾಕುತ್ತಾರೆ.

ಹೊರಡುವ ಮೊದಲು ಮನೆಯಲ್ಲಿ ಕೂತು ಎರಡು ಕಾರ್ಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಆಧಾರಿನಲ್ಲಿ ‘ಬೊಮ್ಮಯ್ಯ’, ರೇಷನ್ ಕಾರ್ಡಿನಲ್ಲಿ ‘ಬೊಮ್ಮು’ ಅಂತ ಇದ್ದರೆ ಕೌಂಟರಿನಲ್ಲಿ ಕಂಪ್ಯೂಟರ್ ಒಪ್ಪುವುದಿಲ್ಲ. ಅಪ್ಪನ ಹೆಸರು ರೇಷನ್ ಕಾರ್ಡಿನಿಂದ ಬಿಟ್ಟುಹೋಗಿದ್ದರಂತೂ ಇನ್ನೂ ಕಷ್ಟ. ಈ ತಿದ್ದುಪಡಿ ಊರಲ್ಲೇ ಮುಗಿಸಿಕೊಳ್ಳಿ, ಆಸ್ಪತ್ರೆ ಬಾಗಿಲಲ್ಲಿ ಆಗುವ ಕೆಲಸ ಅಲ್ಲ ಅದು. ಬೆರಳಚ್ಚಿನದ್ದೂ ಒಂದು ತಾಪತ್ರಯ ಇದೆ. ಕಲ್ಲು ಹೊತ್ತವರು, ಬಳಚು (ಚಿಪ್ಪು) ಹೆಕ್ಕುವವರು, ಶೆಟ್ಲಿ (ಸಿಗಡಿ) ಸುಲಿಯುವ ಹೆಂಗಸರು, ಇವರ ಬೆರಳಿನ ಗೆರೆ ಸವೆದು ನುಣ್ಣಗಾಗಿರುತ್ತದೆ. ಯಂತ್ರದ ಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಆಗ ಮೊಬೈಲಿಗೆ ಬರುವ ಒಟಿಪಿ ಬೇಕಾಗುತ್ತದೆ. ಆಧಾರಿಗೆ ಈಗ ಬಳಸುತ್ತಿರುವ ನಂಬರೇ ಜೋಡಣೆ ಆಗಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಆ ನಂಬರ್ ಯಾವಾಗಲೋ ಬಂದ್ ಆಗಿರುತ್ತದೆ.

ದೊಡ್ಡ ಆಸ್ಪತ್ರೆ ತಲುಪಿದ ಕೂಡಲೇ ಬಿಲ್ಲಿಂಗ್ ಕೌಂಟರಿಗೆ ಹೋಗಬೇಡಿ. ‘ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ’ ಅಂತ ಕೇಳಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೇ ಇರುವವರು ಅವರು. ಒಂದು ಪ್ರಶ್ನೆ ಮರೆಯದೆ ಕೇಳಿ: ಆಂಜಿಯೋಗ್ರಾಂ ಮಾಡಿದ ಮೇಲೆ ಸ್ಟೆಂಟ್ (ರಕ್ತನಾಳ ತೆರೆದಿಡಲು ಹಾಕುವ ಸಣ್ಣ ಕೊಳವೆ) ಬೇಡ ಅಂತಾದರೆ ಆ ಪರೀಕ್ಷೆಯ ಖರ್ಚು ಯಾರದು? ಉತ್ತರ ಸಿಕ್ಕಿದ ಮೇಲೆ ಸಹಿ ಹಾಕಿ. ಸ್ಪೆಷಲ್ ವಾರ್ಡ್ ಕೇಳಬೇಡಿ, ಯೋಜನೆ ಇರುವುದು ಜನರಲ್ ವಾರ್ಡಿಗೆ.

ಇಷ್ಟೆಲ್ಲ ಹೇಳಿದ್ದು ಅಪ್ಪ ಈಗ ಇರುವ ಸ್ಥಿತಿಗೆ. ಕೂತಿದ್ದಾಗಲೂ ಎದೆ ನೋವು ಬಂದು, ಬೆವರಿ, ನೋವು ಇಳಿಯದಿದ್ದರೆ ಚೀಟಿ ಗೀಟಿ ಎಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಕಾಗಿಲ್ಲ. ದಯವಿಟ್ಟು ಬಾಡಿಗೆ ಕಾರಿನಲ್ಲಿ ಸೀದಾ ದೂರದ ಊರಿಗೆ ಹೊರಡಬೇಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಔಷಧಿ ಬೀಳಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದಿದ್ದು ಸುಮ್ನೆ ಅಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಹತ್ತಿರ ಪಲ್ಟಿಯಾಗಿ ರೋಗಿಯೂ ಜೊತೆಗಿದ್ದವರೂ ತೀರಿಕೊಂಡಿದ್ದು ಎಲ್ಲರಿಗೂ ನೆನಪಿದೆ. ಆ ಆಸ್ಪತ್ರೆ ಆಗಲೇಬೇಕು. ಅಲ್ಲಿಯವರೆಗೆ ಇರುವ ದಾರಿಯನ್ನೇ ಸರಿಯಾಗಿ ಬಳಸೋಣ.

ಪ್ರಶ್ನೆ (ಯಲ್ಲಾಪುರ ಕಡೆಯ ಆಶಾ ಕಾರ್ಯಕರ್ತೆ): ಮೇಡಂ, ನನ್ನ ಏರಿಯಾದಲ್ಲಿ ಸಿದ್ದಿ ಸಮುದಾಯದ ಒಬ್ಬಳು ಹುಡುಗಿ, ಮೊದಲ ಬಸುರಿ. ಜುಲೈಯಲ್ಲಿ ದಿನ ತುಂಬುತ್ತದೆ. ಅವರ ಕೇರಿಗೆ ಮಳೆಗಾಲದಲ್ಲಿ ಗಾಡಿ ಬರುವುದಿಲ್ಲ, ಹಳ್ಳ ದಾಟಬೇಕು. ಅತ್ತೆ ‘ಮನೆಯಲ್ಲೇ ಆಗಲಿ’ ಅಂತಾಳೆ.

ಉತ್ತರ: ತಂಗಿ, ಹಳ್ಳ ತುಂಬುವ ಮೊದಲೇ ಅವಳನ್ನು ಈಚೆ ಕರೆತರಬೇಕು. ರಸ್ತೆ ಪಕ್ಕದ ಊರಲ್ಲಿ ನೆಂಟರು ಯಾರಾದರೂ ಇದ್ದಾರಾ ವಿಚಾರಿಸಿ, ಕೊನೆಯ ವಾರಗಳು ಅಲ್ಲೇ ಉಳಿಯಲಿ. ಅತ್ತೆಯ ಜೊತೆ ಜಗಳ ಬೇಡ. ಅವಳನ್ನೇ ಜೊತೆಗೆ ಕರೆದುಕೊಂಡು ಒಮ್ಮೆ ಆಸ್ಪತ್ರೆ ತೋರಿಸಿ ಬನ್ನಿ. ಹೆಚ್ಚಿನ ಕಡೆ ಅತ್ತೆಯಂದಿರಿಗೆ ಇರುವುದು ಖರ್ಚಿನ ಹೆದರಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಉಚಿತ. ಔಷಧಿ, ರಕ್ತ, ಅಲ್ಲಿರುವಷ್ಟು ದಿನದ ಊಟ ಎಲ್ಲ ಅದರಲ್ಲೇ ಬಂತು. ವಾಪಸ್ ಬಿಡಲು ನಗು-ಮಗು ಗಾಡಿ ಕೇಳಿ. ಪ್ರತಿ ತಿಂಗಳ 9ರಂದು ಬಸುರಿಯರಿಗೆ ವೈದ್ಯರ ತಪಾಸಣೆ ಇರುತ್ತದಲ್ಲ, ಅದಕ್ಕೆ ತಪ್ಪಿಸದೆ ಕರೆತನ್ನಿ. ರಕ್ತ ಕಡಿಮೆ ಇದೆಯಾ ಅಂತ ಈಗಲೇ ಗೊತ್ತಾಗಬೇಕು, ಜುಲೈಯಲ್ಲಿ ಗೊತ್ತಾದರೆ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ. ಮೊದಲ ಹೆರಿಗೆ ಆದ್ದರಿಂದ ಮಾತೃವಂದನಾ ಯೋಜನೆಯ 5,000 ರೂಪಾಯಿಗೂ ಅರ್ಜಿ ಹಾಕಿಸಿ, ಅಂಗನವಾಡಿ ಟೀಚರ್‌ಗೆ ಗೊತ್ತಿರುತ್ತದೆ. ನಮ್ಮ ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಆ ಮನೆಗೆ ಪೌಷ್ಟಿಕ ಆಹಾರದ ಕಿಟ್ ತಲುಪುತ್ತಿದೆಯಾ ಅದನ್ನೂ ನೋಡಿ.

ಪ್ರಶ್ನೆ (ಸಿದ್ದಾಪುರ): ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗಿ ಬಂದ ಮೇಲೆ ಅಣ್ಣನಿಗೆ ಜ್ವರ, ಮೈಕೈ ನೋವು. ಮಂಗನ ಕಾಯಿಲೆ ಇರಬಹುದಾ? ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ?

ಉತ್ತರ: ಖರ್ಚಿನ ಮಾತೇ ಇಲ್ಲ. ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬೆಟ್ಟಕ್ಕೆ ಹೋಗಿದ್ದನ್ನು ಬಾಯಿಬಿಟ್ಟು ಹೇಳಿ. ರಕ್ತದ ಮಾದರಿ ಅವರೇ ತೆಗೆದು ಕಳಿಸುತ್ತಾರೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗುವ ಭಯ ಇದೆ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನೂ ಅಲ್ಲೇ ಕೇಳಿ, ಮನೆಯ ಉಳಿದವರಿಗೆ ಬೇಕಾಗುತ್ತದೆ.

ಪ್ರಶ್ನೆ (ಕುಮಟಾ): ಪಕ್ಕದ ಮನೆಯ ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋಗಿ ಬರುವುದು ಕಷ್ಟ ಅಂತ ಆಗಾಗ ತಪ್ಪಿಸುತ್ತಾರೆ. ಇನ್ನೊಂದು ವಿಷಯ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡ್ ತೋರಿಸಿದರೂ ನಮ್ಮಿಂದ ಡೆಪಾಸಿಟ್ ಕಟ್ಟಿಸಿಕೊಂಡರು.

ಉತ್ತರ: ಅಜ್ಜಿಗೆ ತಪ್ಪಿಸಬೇಡಿ ಅಂತ ಖಂಡಿತ ಹೇಳಿ. ಒಂದು ಸಲ ಬಿಟ್ಟರೆ ನೀರು ಶ್ವಾಸಕೋಶಕ್ಕೆ ತುಂಬಿ ರಾತ್ರಿ ಮಲಗಲು ಆಗದಂತೆ ಆಗಬಹುದು. ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಬಿಪಿಎಲ್‌ನವರಿಗೆ ಉಚಿತ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸೂ ಉಚಿತ, ಜೊತೆಗೆ ಹೋಗುವ ಮಗಳಿಗೂ ಸೇರಿ. ಉಳಿಯುವುದು ಹೊತ್ತಿನ ಸಮಸ್ಯೆ. ಡಯಾಲಿಸಿಸ್ ಸಿಬ್ಬಂದಿಗೆ ಬಸ್ಸಿನ ಸಮಯ ಹೇಳಿ, ಅದಕ್ಕೆ ಹೊಂದುವ ಪಾಳಿ ಕೇಳಿ. ಕೇಳಿದರೆ ಬಹಳ ಸಲ ಬದಲಾಯಿಸಿ ಕೊಡುತ್ತಾರೆ, ನಮ್ಮವರು ಕೇಳುವುದೇ ಇಲ್ಲ.

ಡೆಪಾಸಿಟ್ ವಿಷಯಕ್ಕೆ: ನೀವು ಯೋಜನೆಯಡಿ ದಾಖಲಾಗಿದ್ದಿರಾ, ಒಪ್ಪಿಗೆ ಬಂದಿತ್ತಾ ಅನ್ನುವುದು ಮುಖ್ಯ. ಬಂದಿದ್ದರೆ ದುಡ್ಡು ಕೇಳುವ ಹಾಗಿಲ್ಲ. ರಸೀದಿ, ಡಿಸ್ಚಾರ್ಜ್ ಪತ್ರ ಜೋಪಾನವಾಗಿಟ್ಟುಕೊಂಡು 104 ಅಥವಾ 14555ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಸೀದಿಯನ್ನು ನಮ್ಮ ಈ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಡಿ, ನನಗೆ ಒಬ್ಬಳಿಗೇ ಕಳಿಸಿ. ದೂರಿನ ಅರ್ಜಿ ಬರೆಯಲು ಕೂತು ಸಹಾಯ ಮಾಡುತ್ತೇನೆ.