ಕಡಲ ಹತ್ತಿರದ ಮನೆ: ಸಿಮೆಂಟಿನ ಬದಲು ಹಾರುಬೂದಿ ಎಷ್ಟು, ಸ್ಲ್ಯಾಗ್ ಎಷ್ಟು?

ವಾಸ್ಕೋ_ಮನೆ:
ನೆಲಮಹಡಿ, ಮೇಲೊಂದು ಮಹಡಿ. ಕಡಲು ಒಂದು ಕಿಲೋಮೀಟರಿನೊಳಗೆ. ಎಂ30 ದರ್ಜೆಯ ಕಾಂಕ್ರೀಟ್, ಕ್ಯೂಬಿಕ್ ಮೀಟರಿಗೆ 380 ಕಿಲೋ ಸಿಮೆಂಟ್. ಅದರಲ್ಲಿ ಒಂದಷ್ಟು ಬಿಟ್ಟು ಹಾರುಬೂದಿ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ನುಣುಪು ಬೂದಿ) ಇಲ್ಲವೇ ಜಿಜಿಬಿಎಸ್ (ಕಬ್ಬಿಣದ ಊದುಕುಲುಮೆಯ ಸ್ಲ್ಯಾಗ್ ಪುಡಿ) ಹಾಕೋಣ ಅಂತಾರೆ ಎಂಜಿನಿಯರು. ಬೂದಿ ಹಾಕಿದ್ರೆ ಸ್ಲ್ಯಾಬ್ ಗಟ್ಟಿಯಾಗಲ್ಲ ಅಂತಾರೆ ಮೇಸ್ತ್ರಿ. ಪಿಪಿಸಿ ಸಿಮೆಂಟಿಗೇ ಬೂದಿ ಬೆರೆಸಬಹುದಾ? ಎಷ್ಟು?

ಪುಣೆ_ಮಿಕ್ಸ್‌ಡಿಸೈನ್:
ಪಿಪಿಸಿಗೆ ಬೇಡ. ಅದರಲ್ಲಿ ಆಗಲೇ ಶೇ 15ರಿಂದ 35ರಷ್ಟು ಬೂದಿ ಇರುತ್ತೆ, ಚೀಲದ ಮೇಲೇ ನೋಡಿ. ಬೆರೆಸೋದಾದ್ರೆ ಒಪಿಸಿ 53 (ಬೂದಿ ಬೆರೆಸದ ಸಾದಾ ಸಿಮೆಂಟ್) ತರಿಸಿ.

ಬೂದಿ ಶೇ 25 ಸಾಕು: 285 ಕಿಲೋ ಒಪಿಸಿ, 95 ಕಿಲೋ ಬೂದಿ. ಅಂದ್ರೆ ಮೂರು ಚೀಲ ಸಿಮೆಂಟಿಗೆ 50 ಕಿಲೋ. ಪೆಟ್ಟಿಗೆಯಲ್ಲಿ ಅಳೀಬೇಡಿ, ತೂಗಿ. 95 ಕಿಲೋ ಸಿಮೆಂಟ್ 30 ಲೀಟರ್ ಜಾಗ ಹಿಡಿದ್ರೆ ಅಷ್ಟೇ ತೂಕದ ಬೂದಿ 43 ಲೀಟರ್ ಹಿಡಿಯುತ್ತೆ. ಹೆಚ್ಚಾದ 13 ಲೀಟರಿಗೆ ಸುಮಾರು 34 ಕಿಲೋ ಮರಳು ಕಡಿಮೆ ಮಾಡಲೇಬೇಕು. ಮಾಡದಿದ್ರೆ ಮಾಲು ಅಂಟಂಟಾಗುತ್ತೆ, ಆಳು ಒಂದು ಬಕೆಟ್ ನೀರು ಸುರೀತಾನೆ. ಮನೆ ಕೆಡೋದು ಆ ನೀರಿಂದ, ಬೂದಿಯಿಂದಲ್ಲ. ಮರಳಿನ ತೇವ ಸೇರಿ ನೀರು ಕ್ಯೂಬಿಕ್ ಮೀಟರಿಗೆ 160 ಲೀಟರ್ ದಾಟಬಾರದು. ಮಾಲು ಹರೀದಿದ್ರೆ ಸೂಪರ್‌ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಮಾಲು ಸಡಿಲಿಸೋ ಅಡ್ಮಿಕ್ಸ್ಚರ್) ಹಾಕಿ.

ಬೂದಿ ಐಎಸ್ (ಭಾರತೀಯ ಮಾನಕ) 3812 ಭಾಗ 1ರದ್ದೇ ಆಗಿರಲಿ. ಬೂದಿಕೊಳದಿಂದ ತೋಡಿ ತಂದದ್ದು ಬೇಡ. ಬಣ್ಣ ತೀರಾ ಕಪ್ಪಗಿದ್ರೆ ಅರೆಬೆಂದ ಇದ್ದಿಲು ಉಳಿದಿದೆ ಅಂತ ಅರ್ಥ, ಅದು ಅಡ್ಮಿಕ್ಸ್ಚರನ್ನೇ ಹೀರಿಬಿಡುತ್ತೆ.

ನವಿಮುಂಬೈ_ಆರ್‌ಎಂಸಿ:
ಉಪ್ಪುಗಾಳಿ ಇರೋ ಕಡೆ ನಾನು ಸ್ಲ್ಯಾಗೇ ಹೇಳ್ತೀನಿ. ಶೇ 50, ಅಂದ್ರೆ 190 ಕಿಲೋ ಒಪಿಸಿ, 190 ಕಿಲೋ ಜಿಜಿಬಿಎಸ್. ಪ್ರಮಾಣಪತ್ರ ಐಎಸ್ 16714ರದ್ದು. ಕಾಂಕ್ರೀಟಿನ ರಂಧ್ರಗಳು ಕಿರಿದಾಗುತ್ತವೆ, ಕ್ಲೋರೈಡನ್ನೂ ಸ್ವಲ್ಪ ಕಟ್ಟಿಹಾಕುತ್ತೆ, ಕಬ್ಬಿಣಕ್ಕೆ ತುಕ್ಕು ತಡವಾಗುತ್ತೆ. ಆದ್ರೆ ಇದನ್ನು ಸೈಟಿನ ಸಣ್ಣ ಮಿಕ್ಸರಲ್ಲಿ ಮಾಡೋಕೆ ಹೋಗಬೇಡಿ, ಒಂದೇ ಸಮ ಬೆರೆಯಲ್ಲ. ರೆಡಿಮಿಕ್ಸ್ ಪ್ಲಾಂಟಿಂದ ತರಿಸಿ, ಬ್ಯಾಚ್ ಚೀಟಿಯಲ್ಲಿ ಎರಡರ ತೂಕವೂ ಬೇರೆಬೇರೆ ಇದೆಯಾ ನೋಡಿ. ಕವರ್ (ಕಬ್ಬಿಣದ ಹೊರಗಿನ ಕಾಂಕ್ರೀಟ್ ದಪ್ಪ) 45 ಮಿಮೀ ಇರಲಿ. ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು ಇಟ್ರೆ ಯಾವ ಸ್ಲ್ಯಾಗೂ ಕಾಪಾಡಲ್ಲ.

ವಾಸ್ಕೋ_ಮನೆ:
ಹಾಗಾದ್ರೆ ಪ್ಲಾಂಟಿಂದ ಸ್ಲ್ಯಾಗೇ. ಸೆಂಟ್ರಿಂಗ್ ಏಳನೇ ದಿನ ಬಿಚ್ಚಬಹುದಾ?

ಪುಣೆ_ಮಿಕ್ಸ್‌ಡಿಸೈನ್:
ಅಲ್ಲೇ ಮೇಸ್ತ್ರಿ ಮಾತಲ್ಲಿ ಅರ್ಧ ನಿಜ ಇರೋದು. ಮೊದಲು ಸಿಮೆಂಟ್ ನೀರು ಕುಡಿದು ಸುಣ್ಣ ಬಿಡಬೇಕು. ಬೂದಿಯಾಗಲಿ ಸ್ಲ್ಯಾಗಾಗಲಿ ಆಮೇಲೆ ನಿಧಾನವಾಗಿ ಬಲ ಕೊಡೋದು. ಐಎಸ್ 456 ಹೇಳೋ 7 ದಿನ (4.5 ಮೀಟರ್ ಒಳಗಿನ ಸ್ಲ್ಯಾಬಿಗೆ) ಒಪಿಸಿ ಲೆಕ್ಕದ್ದು. ಮೂರು ಕ್ಯೂಬ್ (ಒಡೆದು ಬಲ ನೋಡೋ ಕಾಂಕ್ರೀಟ್ ಘನ) ಹೆಚ್ಚಿಗೆ ತುಂಬಿಸಿ ಸ್ಲ್ಯಾಬಿನ ಮೇಲೇ ಇಡಿ, ಅದಕ್ಕೂ ಅದೇ ನೀರು. ಒಡೆಸಿದಾಗ ಬಂದ ಅಂಕಿ ನೋಡಿ ಎಂಜಿನಿಯರು ಒಪ್ಪಿದ ಮೇಲೇ ಬಿಚ್ಚಿ. 28 ದಿನದ ಜೊತೆ 56 ದಿನದ್ದಕ್ಕೂ ಕ್ಯೂಬ್ ಇರಲಿ.

ಕ್ಯೂರಿಂಗ್ 10 ದಿನಕ್ಕೆ ಕಡಿಮೆ ಬೇಡ, ಬಿಸಿಲಿದ್ರೆ 14. ಈ ಕಾಂಕ್ರೀಟ್ ಗಟ್ಟಿಯಾಗೋದು ತಡ. ಗಾಳಿಗೆ ಮೊದಲ ದಿನವೇ ಬಿರುಕು ಬಿಡುತ್ತೆ. ಫಿನಿಶಿಂಗ್ ಆದ ತಕ್ಷಣ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗೋಣಿ ಹಾಕೋದು ಮಾರನೇ ದಿನ.