ಮಳೆಗಾಲದಲ್ಲಿ ಆಟ ನಿಂತರೆ ತಲೆ ಕೆಡುತ್ತೆ, ನಿಮಗೂ ಹೀಗಾಗುತ್ತಾ?

ನಾಪೋಕ್ಲು_ರೈಟ್‌ಔಟ್:
ಬೈಕಿಂದ ಬಿದ್ದು ಮೊಣಕಾಲಿನ ಕೆಳಗೆ ಬಲಗಾಲು ಹೋದ ಮೇಲೆ ಶಟಲ್ ಬ್ಯಾಡ್ಮಿಂಟನ್ ಹಿಡಿದವನು ನಾನು. ಅದಕ್ಕೂ ಮುಂಚೆ ನಮ್ಮ ಒಕ್ಕದ (ಕೊಡವ ಮನೆತನದ) ಹಾಕಿ ತಂಡದಲ್ಲಿದ್ದೆ. ಬೇಸಿಗೆಯಲ್ಲಿ ಸಂಜೆ ಆಡಿ ಬಂದರೆ ಊಟ ರುಚಿಸುತ್ತೆ, ನಿದ್ದೆ ಬರುತ್ತೆ. ಮಳೆ ಹಿಡಿದರೆ ಬೇರೆಯೇ ಕಥೆ. ಕೃತಕ ಕಾಲಿನೊಳಗೆ ಹಾಕೋ ಮೆತ್ತನೆ ಚೀಲ, ಲೈನರ್, ಅದರೊಳಗೆ ಬೆವರು, ಹೊರಗೆ ಥಂಡಿ. ಸ್ಟಂಪ್, ಅಂದರೆ ಉಳಿದ ಮೋಟುಗಾಲಿನ ತುದಿ ಕೆಂಪಗಾಗಿ ನೀರುಗುಳ್ಳೆ ಏಳುತ್ತೆ. ಕೃತಕ ಕಾಲು ಬಿಚ್ಚಿಟ್ಟರೆ ಗುಳ್ಳೆ ಒಣಗುತ್ತೆ, ಆದರೆ ಸ್ಟಂಪ್ ಊದಿಕೊಂಡು ಆಮೇಲೆ ಸಾಕೆಟ್ (ಕೃತಕ ಕಾಲಿನ ಬಟ್ಟಲು) ಒಳಗೇ ಹೋಗಲ್ಲ. ಆ ದಿನಗಳಲ್ಲಿ ಯಾರ ಮುಖವೂ ಬೇಡ, ಅವ್ವ ಕಾಫಿ ಬೇಕಾ ಅಂದರೂ ಸಿಡುಕು. ಆಟದಿಂದ ಮನಸ್ಸು ಗಟ್ಟಿಯಾಗುತ್ತೆ ಅಂತಾರೆ. ಹಾಗಾದರೆ ಆಟ ನಿಂತ ಕೂಡಲೇ ಯಾಕೆ ಹೀಗೆ ಕುಸಿಯಬೇಕು?

ಇನ್ನೊಂದು. 2024ರಲ್ಲಿ ನಮ್ಮೂರಲ್ಲೇ ಕೊಡವ ಒಕ್ಕಗಳ ಹಾಕಿ ಹಬ್ಬ, ಕುಂಡ್ಯೋಳಂಡ ಕಪ್, 360 ತಂಡ. ನಾನು ಗ್ಯಾಲರಿಯಲ್ಲಿ. ಪಕ್ಕದಲ್ಲಿದ್ದವರೊಬ್ಬರು ಬೆನ್ನು ತಟ್ಟಿ, ‘ನೀನು ನಮಗೆಲ್ಲ ಸ್ಫೂರ್ತಿ’ ಅಂದರು. ಗೋಲ್ ತಪ್ಪಿಸಿ ಚಿಕ್ಕಪ್ಪನ ಹತ್ತಿರ ಬೈಸಿಕೊಳ್ಳುತ್ತಿದ್ದದ್ದೇ ಇದಕ್ಕಿಂತ ಎಷ್ಟೋ ವಾಸಿ.

ಕುಶಾಲನಗರ_ಅಕ್ಕ:
ತಮ್ಮಾ, ಆಟದ ಜೊತೆ ನಿನ್ನನ್ನ ಬೈಯುವವರೂ ಹೋದರು, ಸಂಕಟ ಅಲ್ಲಿದೆ. ನಂದು ಪೋಲಿಯೋ, ವೀಲ್‌ಚೇರಲ್ಲೇ ಆಡ್ತೀನಿ. ಗುಳ್ಳೆ ಇದ್ದಾಗ ಕಾಲು ಹಾಕಲೇಬೇಡ. ಕೈ ಇಲ್ಲದ ಕುರ್ಚಿ ಮೇಲೆ ಕೂತು ಗೋಡೆಗೆ ಶಟಲ್ ಹೊಡಿ, ಮಣಿಕಟ್ಟು ಬಿಗಿಯಾಗಲ್ಲ. ವೀಲ್‌ಚೇರ್ ಸಿಂಗಲ್ಸ್ ನಾವು ಆಡೋದು ಅರ್ಧ ಕೋರ್ಟಲ್ಲಿ, ಕೂತು ಆಡಿದರೂ ಬೆವರು ಇಳಿಯುತ್ತೆ. ಭಾನುವಾರ ಬಾ. ನಿಮ್ಮ ಕಡೆ ಸುರಿಯೋ ಮಳೆ ಇಲ್ಲಿಲ್ಲ. ತಪ್ಪು ಆಡಿದರೆ ನಾನೇ ಬೈತೀನಿ.

ಫಿಸಿಯೋ_ವಿರಾಜಪೇಟೆ:
ಸ್ಟಂಪ್ ಗಾತ್ರ ಒಂದೇ ದಿನದಲ್ಲೂ ಏರುಪೇರಾಗುತ್ತೆ. ಸಂಜೆಗೆ ಸಾಕೆಟ್ ಸಡಿಲ ಅನಿಸಿದರೆ ಸ್ಟಂಪಿಗೆ ಇನ್ನೊಂದು ಪದರ ಸಾಕ್ಸ್ ಹಾಕಿ. ಸಡಿಲ ಸಾಕೆಟ್ ಉಜ್ಜಿಯೇ ಎಷ್ಟೋ ಸಲ ಗುಳ್ಳೆ ಏಳೋದು. ಚರ್ಮ ಒಡೆದಿಲ್ಲ ಅಂದರೆ ಕಾಲು ಬಿಚ್ಚಿದ ಮೇಲೆ ಶ್ರಿಂಕರ್ (ಸ್ಟಂಪನ್ನು ಒತ್ತಿ ಹಿಡಿಯೋ ಬಿಗಿ ಸಾಕ್ಸ್) ಹಾಕಿ, ಊತ ಇಳಿಯುತ್ತೆ. ಲೈನರ್ ಎರಡು ಇಟ್ಟುಕೊಳ್ಳಿ. ರಾತ್ರಿ ತೊಳೆದು ನೆರಳಲ್ಲಿ ಒಣಗಿಸಿ, ಒಲೆ ಹತ್ತಿರ ಬೇಡ.

ಮನಸ್ಸಿನ ವಿಷಯ: ನಿದ್ದೆ, ಊಟ, ಆಸಕ್ತಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಮಳೆ ಮೇಲೆ ಹಾಕಿ ಸುಮ್ಮನಿರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಶಟಲ್_ಫ್ಯಾನ್:
ಬ್ರೋ, ಹಾಸನದ ಸುಹಾಸ್ ಯತಿರಾಜ್ ಅವರನ್ನು ನೋಡಿ. ಟೋಕಿಯೊ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ. ಕುಗ್ಗಬೇಡಿ!

ನಾಪೋಕ್ಲು_ರೈಟ್‌ಔಟ್:
ಸುಹಾಸ್ ಅವರದ್ದೂ ನನ್ನದೂ ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಒಂದೇ ವರ್ಗ, ಎಸ್‌ಎಲ್4, ಕಾಲಿನ ತೊಂದರೆ ಇದ್ದೂ ನಿಂತು ಆಡುವವರದ್ದು. ಅವರ ಮ್ಯಾಚ್ ಬಿಡದೆ ನೋಡ್ತೀನಿ. ಆದರೆ ಅವರ ಹೆಸರು ಜಪಿಸಿದರೆ ಗುಳ್ಳೆ ಒಣಗಲ್ಲ ಬ್ರೋ.

ಫಿಸಿಯೋ ಸಾರ್, ಲೈನರ್ ಒಂದೇ ಇರೋದು, ಅದನ್ನ ಒಲೆ ಪಕ್ಕದಲ್ಲೇ ಒಣಗಿಸ್ತಿದ್ದೆ. ಇವತ್ತಿಂದ ಜಾಗ ಬದಲು. ನಿದ್ದೆ ಕೆಟ್ಟು ಎರಡು ವಾರ ಆಗಿಹೋಗಿದೆ, ನಂಬರ್ ಬರೆದುಕೊಂಡೆ.

ಅಕ್ಕಾ, ಭಾನುವಾರ ಬರ್ತೀನಿ. ನಿಮ್ಮಲ್ಲಿ ಫೆದರ್ ಶಟಲ್ಲಾ, ಪ್ಲಾಸ್ಟಿಕ್ಕಾ?