ಪದಚರ್ಚೆ: ‘ದಯಾಮರಣ’ ಬೇಡ, ಕ್ರಿಯಾಪದ ಹಾಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಈ ಚರ್ಚಾಪಟ್ಟಿಯಲ್ಲಿ ಕೈಪಿಡಿ ಮಾಡ್ತಿರೋ ಮೇಡಂ ಕೇಳಿದ್ದು ಇಷ್ಟೇ, ಕೊನೆಗಾಲದ ಆರೈಕೆ ಬಗ್ಗೆ ರೋಗಿಗಳಿಗೂ ಮನೆಯವರಿಗೂ ಕೊಡೋ ನಾಲ್ಕು ಪುಟದ ಕೈಪಿಡಿ ನಾಳೆ ಸಂಜೆ ಪ್ರಿಂಟಿಗೆ ಹೋಗತ್ತೆ, ಅದರಲ್ಲಿ ವಾಲಂಟರಿ ಯೂಥನೇಸಿಯಾ (ರೋಗಿ ತಾನೇ ಕೇಳಿಕೊಂಡಾಗ ವೈದ್ಯರು ಜೀವ ಕೊನೆಗೊಳಿಸೋದು), ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸೋ ಆರೈಕೆ), ರೋಗಿಯ ಸ್ವಂತ ಧಾರ್ಮಿಕ ನಂಬಿಕೆ, ಈ ಮೂರಕ್ಕೆ ಕನ್ನಡ ಬೇಕು ಅಂತ. ನಿನ್ನೆಯಿಂದ ಇಪ್ಪತ್ತು ಉತ್ತರ ಬಂದಿವೆ, ಅದ್ರಲ್ಲಿ ಹದಿನೈದು ಸಂಸ್ಕೃತ ಬೇಕಾ ಬೇಡ್ವಾ ಅನ್ನೋ ಜಗಳ. ಕೇಳಿದವರ ಕೈಗೆ ಇನ್ನೂ ಒಂದು ಪದಾನೂ ಸಿಕ್ಕಿಲ್ಲ.

ಮೊದಲನೇದು, ‘ದಯಾಮರಣ’ ಹಾಕಬೇಡಿ. ದಯೆ ಯಾರದು? ತೋರಿಸೋರದು, ಸಾಯೋರದಲ್ಲ. ವಾಲಂಟರಿ ಅನ್ನೋದರ ಜೀವಾನೇ ‘ನಾನು ಕೇಳ್ತಿದೀನಿ’ ಅನ್ನೋದ್ರಲ್ಲಿದೆ, ಆ ಸಮಾಸ ಅದನ್ನ ಕಿತ್ತು ಮಂಚದ ಪಕ್ಕ ನಿಂತೋರ ಕೈಗೆ ಕೊಟ್ಟುಬಿಡತ್ತೆ. ಮುಂದೆ ‘ಸ್ವಯಂಪ್ರೇರಿತ’ ಸೇರಿಸಿದ್ರೆ ಸರಿಹೋಗಲ್ಲ, ಸ್ವಯಂಪ್ರೇರಿತರಾಗಿ ದಯೆ ತೋರಿದೋರು ಅಂತಲೇ ಓದ್ತಾರೆ.

‘ಇಚ್ಛಾಮರಣ’ ಅಂದವರಿಗೆ: ಆ ಪದ ಕೇಳಿದ ತಕ್ಷಣ ನಮ್ಮ ಕಣ್ಮುಂದೆ ಬರೋದು ಭೀಷ್ಮ. ಅವನು ಆ ವರ ಬಳಸಿದ್ದು ಸಾವನ್ನ ಬೇಗ ಕರೆಯೋಕಲ್ಲ, ಉತ್ತರಾಯಣದವರೆಗೆ ತಡೆದು ನಿಲ್ಲಿಸೋಕೆ. ಉಸಿರಿಗೆ ಒದ್ದಾಡ್ತಿರೋ ಮನುಷ್ಯನಿಗೆ ಶರಶಯ್ಯೆ ನೆನಪಿಸೋ ಪದ ಕೊಡೋದು ಯಾವ ನ್ಯಾಯ?

‘ಸಲ್ಲೇಖನ’ ಅನ್ನೋ ಸಲಹೆ ಖಂಡಿತ ಬೇಡ. ಅದು ಜೈನರು ಊಟ ನೀರು ಮೆಲ್ಲಮೆಲ್ಲಗೆ ಬಿಟ್ಟು ಸಾವನ್ನ ಎದುರುಗೊಳ್ಳೋ ವ್ರತ. ಅಲ್ಲಿ ‘ಲೇಖನ’ ಅಂದ್ರೆ ಬರೆಯೋದಲ್ಲ, ಕೆರೆದು ತೆಳ್ಳಗೆ ಮಾಡೋದು, ಮೈಯನ್ನೂ ಕಷಾಯಗಳನ್ನೂ, ಅಂದ್ರೆ ಸಿಟ್ಟು, ಲೋಭದಂಥ ಮನಸ್ಸಿನ ಕೊಳೆಗಳನ್ನೂ. ಡಾಕ್ಟರೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಹಳೇ ಶ್ಲೋಕ ಅದಕ್ಕೆ ಹಾಕಿರೋ ಷರತ್ತು ಬರಗಾಲ, ಮುಪ್ಪು, ರೋಗ ಇಂಥವು, ಅವು ಕೂಡ ‘ನಿಃಪ್ರತೀಕಾರ’ ಆಗಿರಬೇಕು, ಅಂದ್ರೆ ಮಾಡೋಕೆ ಇನ್ನೇನೂ ಉಳಿದಿರಬಾರದು. (ಎಂಥಾ ಪದ ನೋಡಿ!) 2015ರ ಆಗಸ್ಟಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತ ಆತ್ಮಹತ್ಯೆಗೆ ಸಮ ಅಂದಿತ್ತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಡ್ತು. ಒಬ್ಬರ ನಂಬಿಕೆಗೆ ಇನ್ನೊಂದರ ಹೆಸರು ಅಂಟಿಸಿದ್ರೆ ಎಲ್ಲಿಗೆ ಹೋಗಿ ಮುಟ್ಟತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಇನ್ನು ‘ಸುಖಮರಣ’, ‘ಅನಾಯಾಸ ಮರಣ’, ಮತ್ತೆ ಅಚ್ಚಗನ್ನಡದ ಗೆಳೆಯರು ಹೊಸೆದ ‘ನಲ್ಸಾವು’. ಗ್ರೀಕಲ್ಲಿ ‘ಯೂ’ ಅಂದ್ರೆ ಒಳ್ಳೇದು, ‘ಥಾನಟೋಸ್’ ಅಂದ್ರೆ ಸಾವು, ಹಾಗಾಗಿ ಇದೇ ಸರಿ ಅಂತ ವಾದ. ಆ ಗ್ರೀಕ್ ಪದದ ಬಾಳು ನೋಡಿ. ರೋಮಿನ ಚಕ್ರವರ್ತಿ ಅಗಸ್ಟಸ್ ಇದೇ ಪದ ಹಿಡ್ಕೊಂಡು ನೋವಿಲ್ಲದ ಸಾವು ಬರಲಿ ಅಂತ ಬೇಡ್ಕೋತಿದ್ದ, ಅಂದ್ರೆ ಥೇಟ್ ನಮ್ಮ ‘ಅನಾಯಾಸೇನ ಮರಣಂ’ ಪ್ರಾರ್ಥನೆ. 17ನೇ ಶತಮಾನದಲ್ಲಿ ಫ್ರಾನ್ಸಿಸ್ ಬೇಕನ್ ಅದನ್ನ ಸಾಯೋರ ಸಂಕಟ ಇಳಿಸೋ ವೈದ್ಯನ ಕೆಲಸಕ್ಕೆ ಬಳಸಿದ, ಅದು ಇವತ್ತಿನ ಪ್ಯಾಲಿಯೇಟಿವ್ ಕೇರ್. ವೈದ್ಯರೇ ಜೀವ ಕೊನೆಗೊಳಿಸೋದು ಅನ್ನೋ ಅರ್ಥ ಬಲವಾಗಿದ್ದು 19ನೇ ಶತಮಾನದ ಕೊನೆಗೆ. ಧಾತು ಹಿಡಿದು ಅನುವಾದ ಮಾಡಿದ್ರೆ ಪ್ರಾರ್ಥನೆ ಅನುವಾದ ಆಗತ್ತೆ, ನಿರ್ಧಾರ ಅನುವಾದ ಆಗಲ್ಲ.

ನಾನು ಈ ಚರ್ಚಾಪಟ್ಟಿಯಲ್ಲಿ ಹತ್ತು ಸಲ ಹೇಳಿದೀನಿ, ಹನ್ನೊಂದನೇ ಸಲ ಹೇಳ್ತೀನಿ, ಕನ್ನಡದ ಬಲ ಇರೋದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ. ‘ಮರಣ’ ಅನ್ನೋದಕ್ಕೆ ಕೈಯಿಲ್ಲ, ಯಾರು ಏನು ಮಾಡಿದ್ರು ಅಂತ ಅದು ಹೇಳಲ್ಲ. ‘ಸಾಯಿಸು’, ‘ಸಾಯಲು ಬಿಡು’, ‘ಸಾಯಲು ನೆರವಾಗು’, ಒಂದು ‘ಇಸು’ ಬಂದ್ರೆ ಬೇರೆ, ‘ಬಿಡು’ ಬಂದ್ರೆ ಬೇರೆ. ಕಾನೂನುಗಳು ಗುದ್ದಾಡ್ತಿರೋದೂ ಇಲ್ಲೇ. ನೆದರ್ಲೆಂಡ್ಸ್, ಬೆಲ್ಜಿಯಂ 2002ರಲ್ಲಿ ಒಪ್ಪಿದ್ದರಲ್ಲಿ, ರೋಗಿ ಕೇಳಿಕೊಂಡಾಗ ಮದ್ದು ಕೊಡೋ ಕೈ ಡಾಕ್ಟರದು. ಅಮೆರಿಕದ ಒರೆಗಾನಲ್ಲಿ 1997ರಿಂದ ಇರೋ ಕಾನೂನಲ್ಲಿ ಡಾಕ್ಟರ್ ಮದ್ದು ಬರೆದುಕೊಡ್ತಾರೆ, ತಗೊಳ್ಳೋ ಕೈ ರೋಗಿಯದೇ, ಮತ್ತೆ ಇದನ್ನ ಆತ್ಮಹತ್ಯೆ ಅನ್ನೋ ಹಾಗಿಲ್ಲ ಅಂತ ಆ ಕಾನೂನೇ ಹೇಳತ್ತೆ. ‘ಹತ್ಯೆ’ ಎಷ್ಟು ಭಾರದ ಪದ ಅಂತ ಅವರಿಗೂ ಗೊತ್ತು. ನಮ್ಮ ಸುಪ್ರೀಂ ಕೋರ್ಟು 2018ರ ಮಾರ್ಚಲ್ಲಿ ಒಪ್ಪಿದ್ದು ‘ಬಿಡು’ ಮಾತ್ರ, ಅಂದ್ರೆ ಚಿಕಿತ್ಸೆ ನಿಲ್ಲಿಸಿ ಸಾಯಲು ಬಿಡೋದು, ‘ಇಸು’ ಅಲ್ಲ, ಚುಚ್ಚುಮದ್ದು ಕೊಟ್ಟು ಸಾಯಿಸೋದು ಇಲ್ಲಿ ಅಪರಾಧವೇ. ಆದ್ರೂ ಎರಡಕ್ಕೂ ‘ದಯಾಮರಣ’ ಅಂತಲೇ ಬರೆಯೋ ರೂಢಿ ಬಿದ್ದಿದೆ, ‘ಬಿಡು’ ಬಗೆಗೆ ಮಾತ್ರ ‘ನಿಷ್ಕ್ರಿಯ’ ಅಂತ ಒಂದು ಬಾಲ. ನಿಷ್ಕ್ರಿಯ ಅಂದ್ರೆ ಜನಕ್ಕೆ ಕೆಟ್ಟುನಿಂತ ಮಿಷನ್ನು.

ಪದದಿಂದ ಏನಾಗತ್ತೆ ಅನ್ನೋರಿಗೆ ಒಂದು ಹೇಳ್ತೀನಿ. ನಮ್ಮಪ್ಪ ಕೊನೇ ವಾರ ಆಸ್ಪತ್ರೆಯಲ್ಲಿದ್ದಾಗ ಒಂದು ಫಾರಂ ಬಂತು, ಅದರಲ್ಲಿ ‘ಚಿಕಿತ್ಸೆಯ ಹಿಂತೆಗೆತಕ್ಕೆ ಸಮ್ಮತಿ’ ಅಂತಿತ್ತು. ಅಪ್ಪನಿಗೆ ಪ್ರಜ್ಞೆ ಚೆನ್ನಾಗಿತ್ತು, ಕನ್ನಡಕ ಕೇಳಿ ಹಾಕ್ಕೊಂಡು ಎರಡೆರಡು ಸಲ ಓದಿದ್ರು. ಆಮೇಲೆ ನನ್ನ ಮುಖ ನೋಡಿ, ‘ಹಿಂತೆಗೆತ ಅಂದ್ರೇನೋ, ನನ್ನ ಕೈಬಿಟ್ರಾ?’ ಅಂದ್ರು. ನಾನು ನಲವತ್ತು ವರ್ಷ ಪದಗಳ ಜೊತೆ ಕಳೆದೋನು, ಆ ಹೊತ್ತಿಗೆ ಬಾಯಿಗೆ ಒಂದು ಪದ ಬರಲಿಲ್ಲ. ಒದ್ದೆ ಹತ್ತಿಯಲ್ಲಿ ಅವರ ತುಟಿ ಒರೆಸ್ತಿದ್ದ ನರ್ಸಮ್ಮ ಹೇಳಿದ್ರು, ‘ಇಲ್ಲ ಅಜ್ಜಾ, ಪೈಪು ತೆಗೀತೀವಿ, ನಿಮ್ಮನ್ನ ನೋಡ್ಕೊಳ್ಳೋದು ನಿಲ್ಸಲ್ಲ’. ಅಪ್ಪ ಸಹಿ ಹಾಕಿದ್ರು. ತೆಗೀತೀವಿ, ನಿಲ್ಸಲ್ಲ. ಎರಡೂ ಕ್ರಿಯಾಪದ.

ಅದಕ್ಕೇ ಪ್ಯಾಲಿಯೇಟಿವ್‌ಗೆ ನನ್ನ ಓಟು ‘ಆರೈಕೆ’ಗೆ. ಹಳಗನ್ನಡದ ‘ಆರಯ್’ ಅಂದ್ರೆ ಹುಡುಕಿ ನೋಡು, ವಿಚಾರಿಸು, ನಿಗಾ ಇಡು. ತಮಿಳಲ್ಲಿ ‘ಆರಾಯ್’ ಇವತ್ತಿಗೂ ಸಂಶೋಧಿಸು ಅನ್ನೋ ಅರ್ಥದಲ್ಲಿದೆ. ಎಲ್ಲಿ ನೋಯತ್ತೆ ಅಂತ ಹುಡುಕಿ ಹುಡುಕಿ ನೋಡೋದೇ ಆರೈಕೆ. ಲ್ಯಾಟಿನ್ನಿನ ‘ಪ್ಯಾಲಿಯಂ’ ಅಂದ್ರೆ ಹೊದೆಯೋ ಮೇಲುವಸ್ತ್ರ, ನಮ್ಮ ಪದ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ ಅಂತಲೇ ನನ್ನ ಎಣಿಕೆ. 1967ರಲ್ಲಿ ಡಾಕ್ಟರ್ ಸಿಸಿಲಿ ಸಾಂಡರ್ಸ್ ಲಂಡನ್ನಲ್ಲಿ ಸಾಯೋ ಹಂತದ ರೋಗಿಗಳನ್ನ ನೋಡ್ಕೊಳ್ಳೋಕೆ ಶುರು ಮಾಡಿದ್ದರ ಹೆಸರು ಹಾಸ್ಪಿಸ್. ಅದನ್ನ ನೋಡಿ ಮಾಂಟ್ರಿಯಲ್‌ಗೆ ಹೋದ ಡಾಕ್ಟರ್ ಬಾಲ್ಫರ್ ಮೌಂಟ್, ಅಲ್ಲಿಯ ಫ್ರೆಂಚ್ ಜನಕ್ಕೆ ಹಾಸ್ಪಿಸ್ ಅಂದ್ರೆ ಗತಿಯಿಲ್ಲದೋರ ಛತ್ರ ಅನ್ನಿಸತ್ತೆ ಅಂತ ಪ್ಯಾಲಿಯೇಟಿವ್ ಅನ್ನೋ ಪದ ಆರಿಸಿಕೊಂಡ್ರು. ಕೇಳೋರ ಕಿವಿ ನೋಡಿ ಪದ ಇಟ್ಟವರು. ನೀವೂ ಹಾಗೇ ಮಾಡಿ, ‘ನೋವು ಇಳಿಸೋ ಆರೈಕೆ’ ಸಾಕು. ‘ಉಪಶಾಮಕ’ ತಪ್ಪಲ್ಲ, ಆದ್ರೆ ಓದಿದ ಮೇಲೆ ಮನೆಯವರು ಇನ್ನೊಬ್ಬರನ್ನ ಕೇಳಬೇಕಾಗತ್ತೆ.

ಎರವಲು ಪದಗಳ ಜಗಳಕ್ಕೆ ಒಂದೇ ಮಾತು. ಲಿವಿಂಗ್ ವಿಲ್‌ಗೆ ‘ಇಂಗ್ಲಿಷ್ ಬೇಡ, ಜೀವಂತ ಉಯಿಲು ಅನ್ನಿ’ ಅಂತ ಒಬ್ರು ಸಿಟ್ಟಲ್ಲಿ ಬರೆದಿದಾರೆ. ಸರ್, ಉಯಿಲು ಬಂದಿದ್ದೇ ‘ವಿಲ್’ನಿಂದ. ಬಂದು, ಬಾಯಿಗೆ ಹೊಂದಿ, ಕನ್ನಡವೇ ಆಯ್ತು. ಆದ್ರೆ ಉಯಿಲು ಅಂದ್ರೆ ಮನೆಯವರು ಆಸ್ತಿ ಹಂಚಿಕೆ ಅಂದ್ಕೋತಾರೆ, ಹಾಗಾಗಿ ‘ಲಿವಿಂಗ್ ವಿಲ್’ ಹಾಗೇ ಇಟ್ಟು ಕೆಳಗೆ ‘ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಟ್ಟ ಪತ್ರ’ ಅಂತ ಹಾಕಿ. ವೆಂಟಿಲೇಟರ್ ವೆಂಟಿಲೇಟರ್ರೇ ಇರಲಿ. ಐಸಿಯು ಬಾಗಿಲಲ್ಲಿ ನಿಂತೋರು ಅದನ್ನ ಬೇರೆ ಹೆಸರಲ್ಲಿ ಕರೆದಿದ್ದು ನಾನು ಕೇಳಿಲ್ಲ.

ಮೂರನೇದು ನಂಬಿಕೆ. ‘ನಿಮ್ಮ ಧರ್ಮ ಯಾವುದು’ ಅಂತ ಕೇಳಿದ್ರೆ ಸರ್ಟಿಫಿಕೇಟಲ್ಲಿರೋ ಉತ್ತರ ಬರತ್ತೆ. ಒಂದೇ ಧರ್ಮದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ನೋವು ಉಣ್ಣೋದು ಕರ್ಮ ಕಳೆಯೋದು, ಇನ್ನೊಬ್ಬನಿಗೆ ಅದು ಬರೀ ನೋವು. 1957ರಲ್ಲಿ ಪೋಪ್ 12ನೇ ಪಯಸ್, ಮಿತಿಮೀರಿದ ಚಿಕಿತ್ಸೆ ತಗೊಳ್ಳಲೇಬೇಕು ಅನ್ನೋ ಕಟ್ಟುಪಾಡಿಲ್ಲ, ಆಯಸ್ಸು ಕಮ್ಮಿಯಾದ್ರೂ ನೋವಿಗೆ ಮದ್ದು ಕೊಡಬಹುದು ಅಂದಿದ್ರು, ಸಾಯಿಸೋ ಉದ್ದೇಶ ಮಾತ್ರ ಇರಬಾರದು. ಆದ್ರೂ ಎಷ್ಟೋ ಭಕ್ತರು ನೋವಿನ ಮದ್ದು ಮಾರ್ಫಿನ್ ಬೇಡ ಅಂತಾರೆ, ಅದು ಅವರ ಸ್ವಂತದ್ದು. ಅದಕ್ಕೆ ‘ನೀವು ಏನನ್ನ ನಂಬಿದೀರಿ, ಕೊನೇ ಹೊತ್ತಲ್ಲಿ ಅದಕ್ಕಾಗಿ ನಾವು ಏನು ಮಾಡಬೇಕು’ ಅಂತ ಕೇಳಿ. ದೇವರನ್ನ ನಂಬದವರೂ ಇದಕ್ಕೆ ಉತ್ತರ ಕೊಡಬಹುದು. ಕೈಪಿಡಿಯೊಳಗೆ ‘ದೈವಾಧೀನ’, ‘ಸ್ವರ್ಗಸ್ಥ’ ಬೇಡ, ‘ತೀರಿಕೊಂಡಾಗ’ ಅಂದ್ರೆ ಯಾರಿಗೂ ನೋವಾಗಲ್ಲ.

ಯೂಥನೇಸಿಯಾಗೆ ತಲೆಬರಹ ಬೇಕೇಬೇಕು ಅಂದ್ರೆ ‘ಕೋರಿ ಪಡೆಯುವ ಸಾವು’ ಅಂತ ಹಾಕಿ. ಕೆಳಗೆ ‘ರೋಗಿ ತಾನೇ ತಿಳಿದು, ಮತ್ತೆ ಮತ್ತೆ ಕೇಳಿಕೊಂಡ ಮೇಲೆ ವೈದ್ಯರು ಮದ್ದು ಕೊಟ್ಟು ಜೀವ ಕೊನೆಗೊಳಿಸುವುದು’ ಅಂತ ಒಂದು ಸಾಲು ಬರಲಿ. ಉದ್ದ ಆಯ್ತು ಅಂತ ಡಿಸೈನ್ ಮಾಡೋರು ಗೊಣಗಿದ್ರೆ ಅಕ್ಷರ ಸಣ್ಣ ಮಾಡೋಕೆ ಹೇಳಿ, ಸಾಲು ಮೊಟಕು ಮಾಡೋಕೆ ಬಿಡಬೇಡಿ.

ಮೇಡಂ, ನೀವು ಕಳಿಸಿದ ಕರಡಲ್ಲೂ ‘ಹಿಂತೆಗೆತ’ ಇದೆ, ಮೂರನೇ ಪುಟದಲ್ಲಿ ಎರಡು ಕಡೆ. ಪ್ರಿಂಟಿಗೆ ಕೊಡೋ ಮುಂಚೆ ತೆಗೀರಿ.